ಹೆಣೆದ ಕೈಯೂ ತೊಡುವ ಮೈಯೂ

ಉಣ್ಣೆಯ ಉಡುಪು ಎಂದೊಡನೆ ನಮ್ಮ ನಾಡಿನವರಿಗೆ ಮೊದಲು ನೆನಪಾಗುವುದು ಕಂಬಳಿ. ಕುರುಬರು ತಾವೇ ಸಾಕಿದ ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಮಗ್ಗದಲ್ಲಿ ನೆಯ್ದು, ಸಂತೆಗೆ ತಂದು ಮಾರುವ ಆ ಕರಿಯ ಹೊದಿಕೆಯನ್ನು ಕೊಳ್ಳುವವನು ತನಗೆ ಬೇಕಾದುದನ್ನು ಕೈಯಿಂದ ಮುಟ್ಟಿ, ಬೆಲೆ ಕೇಳಿ, ಆರಿಸಿಕೊಳ್ಳುತ್ತಾನೆ. ಎರಡು ಕಡ್ಡಿಗಳಿಂದ ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆಯುವ ವಿದ್ಯೆ ನಮ್ಮ ಪಟ್ಟಣಗಳ ಮನೆಗಳಿಗೆ ಬಂದುದು ಈಚೆಗೆ. ಮಿಷನ್ ಶಾಲೆಗಳ ಹೊಲಿಗೆಯ ತರಗತಿಗಳು ಅದಕ್ಕೆ ಒಂದು ದಾರಿಯಾದುವು. ಈಗ ಬಿಡುವಿನ ವೇಳೆಯಲ್ಲಿ ಟೋಪಿ, ಕಾಲುಚೀಲ, ಸ್ವೆಟರುಗಳನ್ನು ಹೆಣೆದು, ಮನೆಯವರಿಗೆಲ್ಲ ತೊಡಿಸಿಯಾದ ಮೇಲೆ, ಮಿಕ್ಕುದನ್ನು ಬಡವರಿಗೆ ಕೊಡಬೇಕೆಂದು ಬಯಸುವ ಗೃಹಿಣಿಯರು ನಮ್ಮಲ್ಲಿ ಕಡಮೆಯಿಲ್ಲ. ಹೆಣೆಯುವುದು ಅವರಿಗೆ ಕಷ್ಟವಲ್ಲ. ಯಾರಿಗೆ ಕೊಡಬೇಕು, ಕೊಟ್ಟುದು ನಿಜವಾಗಿ ಒಂದು ಮೈಯನ್ನು ಬೆಚ್ಚಗಿಟ್ಟೀತೆ ಎಂಬುದೇ ಕಷ್ಟ.

ನಾವು ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುವಾಗ ಯುದ್ಧಗಳ ತಾರೀಖುಗಳನ್ನು ಹೇಳುತ್ತೇವೆ, ಸಂಧಿಗಳ ಷರತ್ತುಗಳನ್ನು ಹೇಳುತ್ತೇವೆ. ಕಾಲುಚೀಲದ ಚರಿತ್ರೆಯನ್ನು ಹೇಳುವ ವಾಡಿಕೆಯಿಲ್ಲ. ಆದರೂ ಆ ಚರಿತ್ರೆಯೊಂದುಂಟು. ದಾನದ ಪ್ರಶ್ನೆಯನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವುದು ಅಪರೂಪ. ನಮ್ಮ ಹಿರಿಯರು ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರನ್ನು ವಿಚಾರಿಸಬೇಕೆಂದು ವಿಧಿಸಿದರು. ಈ ಮೂರರಲ್ಲಿ ಒಂದು ತಪ್ಪಿದರೂ ಏನಾಗುವುದೆಂಬುದನ್ನು ಪಶ್ಚಿಮ ದೇಶಗಳ ಹೆಣಿಗೆಯ ಕಥೆಯಿಂದಲೇ ಇಂದು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಮೊದಲು ದೇಶ. 1854ರಲ್ಲಿ ಬ್ರಿಟಿಷರೂ ಫ್ರೆಂಚರೂ ತುರುಕರೊಡಗೂಡಿ ರಷ್ಯದ ಮೇಲೆ ಯುದ್ಧ ಹೂಡಿ, ಕ್ರೈಮಿಯದಲ್ಲಿ ಸೆವಾಸ್ಟೊಪೋಲ್ ಕೋಟೆಗೆ ಮುತ್ತಿಗೆ ಹಾಕಿದ್ದರು. ಚಳಿಗಾಲಕ್ಕೆ ಮುಂಚೆ ಕೋಟೆ ಬೀಳುವುದೆಂದು ನಂಬಿದ್ದವರಿಗೆ ಚಳಿಗಾಲವೇ ಮೊದಲು ಎದುರಾಯಿತು. ಆ ವರ್ಷ ನವೆಂಬರ್ 14ರಂದು ಎದ್ದ ಬಿರುಗಾಳಿಯಲ್ಲಿ ಸೈನ್ಯದ ಚಳಿಯುಡುಪುಗಳನ್ನು ಹೊತ್ತು ತಂದಿದ್ದ ‘ಪ್ರಿನ್ಸ್’ ಎಂಬ ಹಡಗು ಬಾಲಕ್ಲಾವ ರೇವಿನ ಹೊರಗೆ ಒಡೆದು ಮುಳುಗಿತು. ಸುದ್ದಿ ಇಂಗ್ಲೆಂಡನ್ನು ಮುಟ್ಟಿದಾಗ ಮನೆಮನೆಯಲ್ಲಿಯೂ ಹೆಂಗಸರು ಹೆಣಿಗೆ ಕಡ್ಡಿಗಳನ್ನು ಕೈಗೆತ್ತಿಕೊಂಡರು. ವಿಕ್ಟೋರಿಯ ರಾಣಿಯೂ ಅವಳ ಹೆಣ್ಣುಮಕ್ಕಳೂ ಅದರಲ್ಲಿ ಸೇರಿದ್ದರು. ಗಂಟುಗಂಟಾಗಿ ಉಣ್ಣೆಯ ಉಡುಪುಗಳು ಹಡಗೇರಿದುವು.

ಆದರೆ ಬಾಲಕ್ಲಾವದ ರೇವಿಗೂ ಸೈನಿಕರ ಪಾಳೆಯಕ್ಕೂ ನಡುವೆ ಸುಮಾರು ಏಳು ಮೈಲಿಗಳ ಏರುದಾರಿಯಿತ್ತು. ಮಳೆಯಿಂದ ಅದು ಕೆಸರಿನ ಹೊಂಡವಾಗಿ, ಮೇವಿಲ್ಲದೆ ಕುದುರೆಗಳು ಸತ್ತು, ಗಾಡಿಗಳು ನಿಂತುಹೋದುವು. ಸಾಮಾನು ರೇವಿನಲ್ಲಿ, ನಡುಗುವವನು ಬೆಟ್ಟದ ಮೇಲೆ! ಸಾವಿರಾರು ಮೈಲಿ ಸಮುದ್ರವನ್ನು ದಾಟಿ ಬಂದ ವಸ್ತು ಕಡೆಯ ಏಳು ಮೈಲಿಗಳನ್ನು ದಾಟಲಾರದೆ ಹೋಯಿತು. 1855ರ ಆರಂಭದಲ್ಲಿ ರೇವಿನಿಂದ ಮೇಲಕ್ಕೆ ರೈಲುಹಾದಿಯನ್ನು ಹಾಕಿದ ಮೇಲೆ ಈ ತೊಡಕು ಬಿಡಿಸಿತು. ಅಷ್ಟರಲ್ಲಿ ಕಠಿಣವಾದ ಚಳಿ ಕಳೆದಿತ್ತು. ಮುಖವನ್ನು ಮಾತ್ರ ಬಿಟ್ಟು ತಲೆ, ಕಿವಿ, ಕೊರಳುಗಳನ್ನು ಮುಚ್ಚುವ ಹೆಣೆದ ಟೋಪಿಗೆ ಇಂದಿಗೂ ಬಾಲಕ್ಲಾವ ಎಂಬ ಹೆಸರೇ ನಿಂತಿದೆ.

ಅದೇ ಯುದ್ಧದಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿದ್ದ ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪ ಹಿಡಿದ ದಾದಿಯೆಂದು ಮಾತ್ರ ಬಲ್ಲೆವು. ಆಕೆ ಉಗ್ರಾಣವನ್ನೂ ನಡಸಿದಳು. ಸಾರ್ವಜನಿಕರಿಂದ ಬಂದ ಕಾಣಿಕೆಗಳನ್ನು ಕೂಡಿಟ್ಟು, ಅವಶ್ಯಕತೆಯನ್ನು ನೋಡಿ ಹಂಚಿ, ಬಂದುದಕ್ಕೂ ಕೊಟ್ಟುದಕ್ಕೂ ಲೆಕ್ಕವಿಟ್ಟು, ಆ ವಿವರಗಳನ್ನು 1857ರಲ್ಲಿ ಅಚ್ಚು ಹಾಕಿಸಿದಳು. ಕರುಣೆಗೆ ಲೆಕ್ಕದ ಪುಸ್ತಕ ಹಗೆಯೆಂದು ತಿಳಿಯುವವರಿಗೆ ಇದೊಂದು ಉತ್ತರ.

ಸಣ್ಣ ಪ್ರಮಾಣದಲ್ಲಿ ಸರಿಯಾದ ದಾನ ಹೇಗಿರುವುದೆಂಬುದಕ್ಕೆ 1882ರ ನಿದರ್ಶನವೊಂದುಂಟು. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಒಂದು ಅನಾಥಾಲಯಕ್ಕೆ ಮಕ್ಕಳ ಕಾಲುಚೀಲಗಳೂ ಉಣ್ಣೆಯಂಗಿಗಳೂ ಬೇಕಾಗಿದ್ದುವು. ಲೇಡಿ ವುಲ್ವರ್ಟನ್ ಎಂಬಾಕೆ ತನ್ನ ಗೆಳತಿಯರನ್ನು ಕೂಡಿಸಿ, ಒಬ್ಬೊಬ್ಬರೂ ವರ್ಷಕ್ಕೆ ಎರಡು ಉಡುಪುಗಳನ್ನು ಮಾಡಿಕೊಡಬೇಕೆಂದು ನಿಯಮ ಮಾಡಿದಳು. ಎರಡೇ ಏಕೆ? ಒಂದು ಒಗೆತದಲ್ಲಿರುವಾಗ ಇನ್ನೊಂದು ಮೈಮೇಲಿರಬೇಕು! ಮಗುವಿನ ದಿನಚರಿಯನ್ನು ಕಣ್ಣಾರೆ ಕಂಡವರಿಗಲ್ಲದೆ ಈ ಲೆಕ್ಕ ಹೊಳೆಯಲಾರದು. ಹೀಗೆ ಹುಟ್ಟಿದ ಸಂಘವೇ ಮುಂದೆ 1914ರಲ್ಲಿ ರಾಣಿ ಮೇರಿಯ ಹೆಸರನ್ನು ಹೊತ್ತು ಸಾಮ್ರಾಜ್ಯದಲ್ಲೆಲ್ಲ ಪ್ರಸಿದ್ಧವಾಯಿತು. ಆ ಪ್ರಸಿದ್ಧಿಯೊಡನೆಯೇ ಅದಕ್ಕೆ ದೊಡ್ಡ ಪರೀಕ್ಷೆಯೂ ಬಂದಿತು.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಕೆಲವೇ ದಿನಗಳಲ್ಲಿ ರಾಣಿ ಮೇರಿ ದೇಶದ ಸ್ತ್ರೀಯರಿಗೆ ಹೊಲಿಯಿರಿ, ಹೆಣೆಯಿರಿ ಎಂದು ಕರೆಕೊಟ್ಟಳು. ಶ್ರೀಮಂತರ ದಿವಾನಖಾನೆಗಳಲ್ಲಿಯೂ ನಡುವರ್ಗದ ಮನೆಗಳಲ್ಲಿಯೂ ಉತ್ಸಾಹ ಉಕ್ಕಿತು. ಆದರೆ ಅದೇ ವಾರಗಳಲ್ಲಿ ಯುದ್ಧದ ದೆಸೆಯಿಂದ ವ್ಯಾಪಾರ ಕುಗ್ಗಿ, ಉಡುಪು ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸರು ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದರು. ಒಬ್ಬಳು ಕೂಲಿಯಿಲ್ಲದೆ ಹೊಲಿದುಕೊಟ್ಟ ಅಂಗಿಯಿಂದ ಮತ್ತೊಬ್ಬಳಿಗೆ ಬರಬೇಕಾದ ಕೂಲಿ ತಪ್ಪುವುದು. ಕೊಡುವವಳಿಗೆ ಅದು ಪುಣ್ಯ. ಕೂಲಿಯವಳಿಗೆ ಅದು ಉಪವಾಸ.

ಇದನ್ನು ಮುಚ್ಚುಮರೆಯಿಲ್ಲದೆ ಎತ್ತಿ ಹೇಳಿದವಳು ಸ್ತ್ರೀ ಕಾರ್ಮಿಕರ ಸಂಘದ ನಾಯಕಿ ಮೇರಿ ಮ್ಯಾಕಾರ್ಥರ್. ರಾಣಿ ಅವಳನ್ನು ಕರೆಯಿಸಿ ಕೇಳಿದಳು. ರಾಜಭವನವನ್ನೂ ಮುಷ್ಕರದ ಕಣವನ್ನೂ ದೂರವಿಟ್ಟು ನೋಡುತ್ತಿದ್ದ ಕಾಲದಲ್ಲಿ ಈ ಇಬ್ಬರು ಸ್ತ್ರೀಯರು ಎದುರುಬದುರಾಗಿ ಕುಳಿತು ಮಾತಾಡಿದುದೇ ಒಂದು ವಿಶೇಷ. ಅದೇ ಆಗಸ್ಟ್ ತಿಂಗಳಲ್ಲಿ ನಿರುದ್ಯೋಗಿ ಸ್ತ್ರೀಯರಿಗೆ ಕೆಲಸ ಕೊಡಲು ರಾಣಿಯ ಹೆಸರಿನಲ್ಲಿ ನಿಧಿಯೊಂದು ಏರ್ಪಟ್ಟಿತು; ಕೆಲಸ ಒದಗಿಸುವ ಕೇಂದ್ರ ಸಮಿತಿಗೆ ಮ್ಯಾಕಾರ್ಥರಳೇ ಗೌರವ ಕಾರ್ಯದರ್ಶಿನಿಯಾದಳು. ಸಮಿತಿಯ ಕಾರ್ಯಾಗಾರಗಳಲ್ಲಿ ಗಂಟೆಗೆ 3 ಪೆನ್ಸ್, ವಾರಕ್ಕೆ ಹೆಚ್ಚೆಂದರೆ 10 ಷಿಲ್ಲಿಂಗ್ ಕೂಲಿ. ಅದೂ ಸಾಲದೆಂದು ಸಿಲ್ವಿಯ ಪ್ಯಾಂಕ್‌ಹರ್ಸ್ಟ್ ಮುಂತಾದವರು ಕಟುವಾಗಿ ಟೀಕಿಸಿದರು. ಆ ಟೀಕೆ ಅನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೂ ದಾನವು ಯಾರ ಅನ್ನವನ್ನು ಕಸಿಯುವುದೆಂದು ವಿಚಾರಿಸುವುದೂ ದಾನಿಯ ಕರ್ತವ್ಯವೆಂಬುದು ಅಂದು ಬಹಿರಂಗವಾಗಿ ಒಪ್ಪಿತವಾಯಿತು. ಪಾತ್ರವನ್ನು ವಿಚಾರಿಸುವಾಗ ಪಡೆಯುವವನನ್ನು ಮಾತ್ರ ನೋಡಿದರೆ ಸಾಲದು. ಪಕ್ಕದಲ್ಲಿ ನಿಂತವಳನ್ನೂ ನೋಡಬೇಕು.

ಇನ್ನು ಕಾಲ. ಆ ವರ್ಷದ ಚಳಿಗಾಲಕ್ಕೆ ಸಿದ್ಧವಾಗಲೆಂದು ಸೇನಾಮಂತ್ರಿ ಕಿಚನರ್ 300,000 ಜೊತೆ ಕಾಲುಚೀಲಗಳನ್ನೂ 300,000 ಉಣ್ಣೆಯ ನಡುಪಟ್ಟಿಗಳನ್ನೂ ನವೆಂಬರ್ ಆರಂಭದೊಳಗೆ ಕೊಡಿಸಬೇಕೆಂದು ರಾಣಿಯನ್ನು ಕೇಳಿದನು. ಇಲ್ಲಿ ಬೇಕಾದ ವಸ್ತು, ಸಂಖ್ಯೆ, ತಿಂಗಳು ಮೂರೂ ಗೊತ್ತಾಗಿದ್ದುವು. ಕಾಲುಚೀಲದ ಮಹತ್ವವೂ ಬೇಗನೆ ತಿಳಿಯಿತು. ನೀರು ತುಂಬಿದ ಕಂದಕಗಳಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಊದಿ, ಮರಗಟ್ಟಿ, ಕೊಳೆಯತೊಡಗಿದುವು. ಆ ಮೊದಲ ಚಳಿಗಾಲದಲ್ಲಿಯೇ ಸುಮಾರು 20,000 ಬ್ರಿಟಿಷ್ ಸೈನಿಕರಿಗೆ ಈ ಕಂದಕಪಾದದ ಬೇನೆಗಾಗಿ ಚಿಕಿತ್ಸೆ ನಡೆಯಿತು. ಪಾದಗಳನ್ನು ಒರಸಿ, ಎಣ್ಣೆ ತಿಕ್ಕಿ, ಒಣಗಿದ ಕಾಲುಚೀಲವನ್ನು ತೊಡಬೇಕೆಂಬುದು ಸೈನ್ಯದ ಆಜ್ಞೆಯೇ ಆಯಿತು. ಒಣಗಿದ ಒಂದು ಜೊತೆ ಒಬ್ಬನ ಕಾಲನ್ನು ಉಳಿಸಬಹುದಾಗಿತ್ತು.

ಇಷ್ಟಾದರೂ ಹಂಚಿಕೆ ಸರಿಹೋಗಲಿಲ್ಲ. ಊರಿನಲ್ಲಿ ಪ್ರಬಲರಾದ ಹಿತೈಷಿಗಳಿದ್ದ ಪಡೆಗಳಿಗೆ ಕಟ್ಟುಗಳ ಮೇಲೆ ಕಟ್ಟುಗಳು. ಕೇಳುವವರಿಲ್ಲದ ಪಡೆಗಳಿಗೆ ಏನೂ ಇಲ್ಲ. ಇದನ್ನು ಸರಿಪಡಿಸಲು 1915ರಲ್ಲಿ ಸರ್ ಎಡ್ವರ್ಡ್ ವಾರ್ಡ್ ಎಂಬ ಅನುಭವಿಯನ್ನು ಸ್ವಯಂಸೇವಾ ಸಂಘಗಳ ಮುಖ್ಯಾಧಿಕಾರಿಯನ್ನಾಗಿ ನೇಮಿಸಿದರು. ಅವನು ಬೇಕಾದ ವಸ್ತುಗಳ ಪಟ್ಟಿಯನ್ನೂ ಒಪ್ಪಿತವಾದ ಮಾದರಿಗಳನ್ನೂ ಸಂಘಗಳಿಗೆ ಕಳುಹಿಸಿದನು. ಬಂದುದನ್ನು ಸಾಮಾನ್ಯ ಭಂಡಾರದಲ್ಲಿ ಕೂಡಿಸಿ, ಪಡೆಯ ಅಧಿಕಾರಿಗಳು ಕೇಳಿದಂತೆ ಹಂಚುವ ಏರ್ಪಾಡು ಮಾಡಿದನು. ‘ನನ್ನ ಕಾಲುಚೀಲ ನಮ್ಮೂರ ಹುಡುಗನಿಗೇ ಹೋಗಬೇಕು’ ಎಂಬ ಆಸೆಯನ್ನು ಎಷ್ಟೋ ತಾಯಂದಿರು ಬಿಟ್ಟುಕೊಡಬೇಕಾಯಿತು. ಆ ತ್ಯಾಗ ಉಣ್ಣೆಗಿಂತ ಕಡಮೆ ಬೆಲೆಯದಲ್ಲ.

ಅಮೆರಿಕ 1917ರಲ್ಲಿ ಯುದ್ಧಕ್ಕೆ ಸೇರಿದ ಮೇಲೆ ಅಲ್ಲಿಯ ರೆಡ್ ಕ್ರಾಸ್ ಸಂಸ್ಥೆ ಇದೇ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ನಡಸಿತು. ಶಾಲೆಯ ಮಕ್ಕಳೂ ಗಂಡಸರೂ ಹೆಣೆಯಲು ಕಲಿತರು. ಅಳತೆ, ಬಣ್ಣ, ಮಾದರಿ ಎಲ್ಲಕ್ಕೂ ನಿಯಮವಿತ್ತು. ಕಾಲುಚೀಲದೊಳಗೆ ಗಂಟಾಗಲಿ ಉಬ್ಬಾಗಲಿ ಇರಕೂಡದು. ಹತ್ತು ಮೈಲಿ ನಡೆಯುವವನಿಗೆ ಒಂದು ಗಂಟು ಒಂದು ಬೊಕ್ಕೆಯಾಗುವುದು. ನಿಯಮಕ್ಕೆ ಸರಿಹೋಗದ ಹೆಣಿಗೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ಕೆಲವರ ಮನಸ್ಸು ಇದರಿಂದ ನೊಂದಿರಬೇಕು. ಆದರೆ ಸೈನಿಕನ ಪಾದಕ್ಕೆ ದಾನಿಯ ಒಳ್ಳೆಯ ಮನಸ್ಸು ಕಾಣಿಸದು. ಗಂಟು ಮಾತ್ರ ತಾಗುವುದು.

ನಮ್ಮ ದೇಶದವರ ಮಾತನ್ನೂ ಇಲ್ಲಿ ಹೇಳಬೇಕು. ಭಾರತೀಯ ಪಡೆಗಳು 1914ರ ಸೆಪ್ಟೆಂಬರ್ 26ರಂದು ಮಾರ್ಸೇಲ್ಸಿನಲ್ಲಿ ಇಳಿದಾಗ ಅನೇಕರ ಮೈಮೇಲೆ ಹತ್ತಿಯ ಖಾಕಿಯುಡುಪಿತ್ತು. ಕೆಲವೇ ವಾರಗಳಲ್ಲಿ ಅವರು ಫ್ಲಾಂಡರ್ಸಿನ ಚಳಿಯಲ್ಲಿ ನಿಂತಿದ್ದರು. ಅವರಿಗಾಗಿ ಲಂಡನ್ನಿನಲ್ಲಿ ಏರ್ಪಟ್ಟ ಭಾರತೀಯ ಸೈನಿಕರ ನಿಧಿ ಬೆಚ್ಚನೆಯ ಉಡುಪುಗಳೊಡನೆ ಅವರ ಆಚಾರ ಧರ್ಮಗಳಿಗೆ ಬೇಕಾದುವನ್ನೂ ಒದಗಿಸಿತು. ಪೇಟ ಸುತ್ತುವ ಸಿಖ್ಖನಿಗೂ ಬರಿತಲೆಗೆ ಟೋಪಿಯಿಡುವ ಇಂಗ್ಲಿಷನಿಗೂ ಒಂದೇ ಹೆಣಿಗೆ ಒಪ್ಪುವುದೆಂದು ಭಾವಿಸಲಾಗದು. ಅದೇ ವರ್ಷ ನಮ್ಮ ಮೈಸೂರು ಲ್ಯಾನ್ಸರ್ ಪಡೆ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಮರಳುಗಾಡಿನ ಹಗಲು ಬೇರೆ, ಇರುಳು ಬೇರೆ. ಎರಡೂ ಫ್ಲಾಂಡರ್ಸಿನ ಕೆಸರಿಗೆ ಸಮನಲ್ಲ. ಒಂದೇ ಸಾಮ್ರಾಜ್ಯದ ಸೈನಿಕರಾದರೂ ಅವರವರ ಅಗತ್ಯ ಅವರವರದು.

ಯುದ್ಧದ ಮಾತನ್ನು ಬಿಟ್ಟರೂ ಪಾಠ ಬದಲಾಗುವುದಿಲ್ಲ. 1991ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ರಾರಂಭವಾದ ಒಂದು ಯತ್ನದಲ್ಲಿ, ಇಡೀ ಹೊದಿಕೆಯನ್ನು ಹೆಣೆಯಲಾರದವರು 7 ಅಂಗುಲ ಅಗಲ 9 ಅಂಗುಲ ಉದ್ದದ ತುಂಡೊಂದನ್ನು ಹೆಣೆದುಕೊಟ್ಟರು. ಅಂಥ 49 ತುಂಡುಗಳನ್ನು ಕೂಡಿಸಿದರೆ ಒಂದು ಹೊದಿಕೆ. ಅಳತೆ ಒಂದಾಗಿದ್ದುದರಿಂದ ಅಪರಿಚಿತರ ಕೈಗೆಲಸ ಒಂದರೊಡನೊಂದು ಹೊಂದಿಕೊಂಡಿತು. ಆಸ್ಟ್ರೇಲಿಯದ ಫಿಲಿಪ್ ದ್ವೀಪದ ಬಳಿ 2001ರಲ್ಲಿ ಸಮುದ್ರಕ್ಕೆ ಎಣ್ಣೆ ಚೆಲ್ಲಿ 438 ಪೆಂಗ್ವಿನ್ ಹಕ್ಕಿಗಳು ತೊಂದರೆಗೀಡಾದಾಗ, ಅವು ಕೊಕ್ಕಿನಿಂದ ಗರಿ ತೀಡಿಕೊಂಡು ಎಣ್ಣೆಯನ್ನು ನುಂಗದಂತೆ, ತೊಳೆಯುವವರೆಗೆ ಪುಟ್ಟ ಉಣ್ಣೆಯಂಗಿಗಳನ್ನು ತೊಡಿಸಿದರು. ಬಹುಪಾಲು ಹಕ್ಕಿಗಳು ಬದುಕಿ ಕಡಲಿಗೆ ಮರಳಿದುವು. ಈ ಸುದ್ದಿ ಹಬ್ಬಿ, ಮುಂದಿನ ವರ್ಷಗಳಲ್ಲಿ ಹಕ್ಕಿಗಳಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಅಂಗಿಗಳು ಬಂದು ಬಿದ್ದುವು. ಅಲ್ಲಿಯವರು ಮಿಕ್ಕ ಅಂಗಿಗಳನ್ನು ಆಟದ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಿ, ಬಂದ ಹಣವನ್ನು ಹಕ್ಕಿಗಳ ರಕ್ಷಣೆಗೆ ಉಪಯೋಗಿಸಿದರು. ಹೆಚ್ಚಾದ ದಾನಕ್ಕೂ ಜಾಣತನದಿಂದ ಒಂದು ನೆಲೆ ಸಿಕ್ಕಿತು.

ಇಷ್ಟು ಕಥೆಯಿಂದ ನಮ್ಮ ಮನೆಗಳಿಗೆ ದೊರೆಯುವ ಫಲವೇನು? ನೂಲು ಕೊಳ್ಳುವುದಕ್ಕೆ ಮುಂಚೆ ಅನಾಥಾಲಯಕ್ಕೋ ಆಸ್ಪತ್ರೆಗೋ ಒಮ್ಮೆ ಹೋಗಿ ಕೇಳಬೇಕು. ಎಷ್ಟು ವಯಸ್ಸಿನವರು, ಯಾವ ತಿಂಗಳಿಗೆ ಬೇಕು, ಅಲ್ಲಿಯ ಒಗೆತಕ್ಕೆ ಯಾವ ನೂಲು ತಾಳುವುದು, ಹಂಚುವವರು ಯಾರು ಎಂಬುದನ್ನು ತಿಳಿದುಕೊಳ್ಳಬೇಕು. ಬೆಂಗಳೂರಿನಲ್ಲಿ ಕೆಲವು ವಾರಗಳು ಮಾತ್ರ ಬೇಕಾಗುವ ದಪ್ಪ ಸ್ವೆಟರು ಕೊಡಗಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಉಪಯೋಗಕ್ಕೆ ಬಂದೀತು. ‘ನಮಗೆ ಟೋಪಿ ಬೇಡ, ಕಾಲುಚೀಲ ಬೇಕು’ ಎಂದು ಅಲ್ಲಿಯವರು ಹೇಳಿದರೆ ಬೇಸರಪಡಬಾರದು. ಹಾಗೆ ಹೇಳಿದವರು ನಮ್ಮ ಶ್ರಮವನ್ನು ಉಳಿಸಿದವರು. ಏನೂ ಬೇಡವೆಂದರೆ, ಸಂತೆಯಲ್ಲಿ ಒಂದು ಕಂಬಳಿಯನ್ನು ಹಣ ಕೊಟ್ಟು ಕೊಂಡು ದಾನ ಮಾಡುವುದೂ ಉಂಟು. ಅದರಿಂದ ನೆಯ್ದವನ ಮನೆಗೂ ಹೊದೆದವನ ಮೈಗೂ ಉಪಕಾರ.

ಹೆಣಿಗೆಯಲ್ಲಿ ಕಡೆಯ ಕುಣಿಕೆಯನ್ನು ಭದ್ರಪಡಿಸದಿದ್ದರೆ ಮೊದಲಿನಿಂದ ಹೆಣೆದುದೆಲ್ಲ ಬಿಚ್ಚಿಹೋಗುವುದೆಂದು ಹೆಣೆಯುವವರೆಲ್ಲ ಬಲ್ಲರು. ದಾನದ ಕಡೆಯ ಕುಣಿಕೆ ಇರುವುದು ಪಡೆಯುವವನ ಬಾಗಿಲಲ್ಲಿ. ಅಲ್ಲಿಯವರೆಗೆ ನಮ್ಮ ಕೈ ಹೋಗಲಿ.