ಪರೀಕ್ಷಕನ ಪರೀಕ್ಷೆ: ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಕ್ರಮದ ಒಂದು ವಿಮರ್ಶೆ

ಭಾರತದ ಉನ್ನತ ಶಿಕ್ಷಣದಲ್ಲಿ ಬೋಧನೆಯು ಪರೀಕ್ಷೆಗೆ ಅಧೀನವಾಗಿದೆಯೇ ಹೊರತು ಪರೀಕ್ಷೆಯು ಬೋಧನೆಗೆ ಅಧೀನವಾಗಿಲ್ಲವೆಂಬ ಆಕ್ಷೇಪವನ್ನು 1902ರ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗವೇ ಮುಂದಿಟ್ಟಿತ್ತು. ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಯ ಸುಧಾರಣೆಯೇ ಆಗತಕ್ಕದ್ದೆಂದು 1948-49ರ ರಾಧಾಕೃಷ್ಣನ್ ಆಯೋಗವು ಅಭಿಪ್ರಾಯಪಟ್ಟಿತು. ರೋಗನಿದಾನದಲ್ಲಿ ಇಂತಹ ಐಕಮತ್ಯವಿದ್ದೂ ಚಿಕಿತ್ಸೆಯು ಫಲಿಸದೆ ಹೋದುದರ ಕಾರಣವನ್ನು ಪ್ರಶ್ನೆಪತ್ರಿಕೆಯ ಸ್ವರೂಪದಲ್ಲಿ ಮಾತ್ರವಲ್ಲ, ಪಾಠ ಹೇಳುವವನ ತೀರ್ಮಾನವನ್ನು ನಂಬಲೊಲ್ಲದ ಸಂಸ್ಥಾರಚನೆಯಲ್ಲಿ ಅರಸಬೇಕೆಂಬುದು ಈ ಲೇಖನದ ಪ್ರತಿಪಾದನೆ.

ಆ ರಚನೆಯು ನಮಗೆ ಲಂಡನ್ನಿನಿಂದ ಬಂದದ್ದು. 1836ರಲ್ಲಿ ಸ್ಥಾಪಿತವಾದ ಲಂಡನ್ ವಿಶ್ವವಿದ್ಯಾಲಯವು ತಾನು ಬೋಧಿಸದೆ, ಅನ್ಯತ್ರ ಕಲಿತವರನ್ನು ಪರೀಕ್ಷಿಸಿ ಪದವಿ ನೀಡುತ್ತಿದ್ದ ಸಂಸ್ಥೆ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ ಅದೇ ಮಾದರಿಯಾಯಿತು. ಲಂಡನ್ನಾದರೋ 1898ರ ಶಾಸನದ ಬಳಿಕ ಬೋಧನೆಯನ್ನೂ ಕೈಗೊಂಡಿತು. ನಾವು ಮಾತ್ರ ಅದು ಕಳಚಿಟ್ಟ ಅಂಗಿಯನ್ನು ಇನ್ನೂ ತೊಟ್ಟಿದ್ದೇವೆ. ಮದರಾಸಿನ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದ ಮಹಾರಾಜ ಕಾಲೇಜು ಮತ್ತು ಸೆಂಟ್ರಲ್ ಕಾಲೇಜುಗಳನ್ನೇ ಅಂಗಗಳನ್ನಾಗಿ ಮಾಡಿಕೊಂಡು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಉದಯಿಸಿದಾಗ ಬೇರೊಂದು ಮಾರ್ಗವು ತೆರೆದಿತ್ತು. ಕಾಲಾಂತರದಲ್ಲಿ ಸಂಯೋಜಿತ ಕಾಲೇಜುಗಳ ಸಂಖ್ಯೆ ಬೆಳೆದಂತೆ ಇಲ್ಲಿಯೂ ಪಾಠ ಹೇಳುವವನೊಬ್ಬ, ಪ್ರಶ್ನೆ ತೆಗೆಯುವವನಿನ್ನೊಬ್ಬ, ಉತ್ತರ ತಿದ್ದುವವನು ಮತ್ತೊಬ್ಬನೆಂಬ ಕ್ರಮವೇ ನೆಲೆಗೊಂಡಿತು.

ಅಪರಿಚಿತನು ತಿದ್ದಿದರೆ ನಿಷ್ಪಕ್ಷಪಾತವು ಸಿದ್ಧಿಸುವುದೆಂಬ ನಂಬಿಕೆಯು ಈ ಕ್ರಮದ ಆಧಾರಸ್ತಂಭ. ಇದನ್ನು ಅಲುಗಾಡಿಸಿದವರಲ್ಲಿ ಪ್ರಮುಖರು ಫಿಲಿಪ್ ಹಾರ್ಟಾಗ್. ಲಂಡನ್ ವಿಶ್ವವಿದ್ಯಾಲಯದ ಆಡಳಿತದಲ್ಲಿ ದೀರ್ಘಕಾಲ ದುಡಿದು, 1917ರ ಕಲ್ಕತ್ತ ವಿಶ್ವವಿದ್ಯಾಲಯ ಆಯೋಗದ ಸದಸ್ಯರಾಗಿ, ತರುವಾಯ ಢಾಕಾ ವಿಶ್ವವಿದ್ಯಾಲಯದ ಪ್ರಥಮ ಉಪಕುಲಪತಿಗಳಾಗಿದ್ದ ಇವರು ಪರೀಕ್ಷಾಯಂತ್ರವನ್ನು ಒಳಗಿನಿಂದಲೇ ಬಲ್ಲವರಾಗಿದ್ದರು. ಇವರೂ ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೂ 1935ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಇಂಗ್ಲೆಂಡಿನ ಶಾಲಾಂತ್ಯ ಪರೀಕ್ಷೆಯ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಒಮ್ಮೆ ತಿದ್ದಿದ್ದ 14 ಪರೀಕ್ಷಕರಿಗೇ ವರ್ಷಕ್ಕೂ ಮಿಕ್ಕ ಅವಧಿಯ ಅನಂತರ ಅವನ್ನು ಮರಳಿ ಕೊಡಲಾಗಿ, 210 ತೀರ್ಪುಗಳಲ್ಲಿ 92 ಬದಲಾದವು. ಬೇರೆಯವರೊಡನಿರಲಿ, ಪರೀಕ್ಷಕನು ತನ್ನೊಡನೆಯೇ ಸಹಮತನಾಗಿರಲಿಲ್ಲ! ಒಂದೆರಡು ಅಂಕಗಳ ಅಂತರದಲ್ಲಿ ದರ್ಜೆಗಳನ್ನು ನಿರ್ಣಯಿಸುವ ನಮ್ಮ ಸಂಸ್ಥೆಗಳು ಈ ಫಲಿತಾಂಶವನ್ನು ಇಷ್ಟು ನಿರಾತಂಕವಾಗಿ ಮರೆತಿರುವುದು ವಿಸ್ಮಯಕರ.

ಸೆಮಿಸ್ಟರ್ ಪದ್ಧತಿಯೊಡನೆ ವ್ಯಾಪಕವಾದ ಆಂತರಿಕ ಮೌಲ್ಯಮಾಪನವು ಅಧ್ಯಾಪಕನಿಗೆ ಕಿಂಚಿತ್ ಅಧಿಕಾರವನ್ನು ಹಿಂದಿರುಗಿಸಿತು, ಆದರೆ ಗೌರವವನ್ನಲ್ಲ. ತಾನು ಕೊಟ್ಟ ಕಡಿಮೆ ಅಂಕಕ್ಕೆ ಬೆಂಬಲವಿರದೆಂದು ಅರಿತವನು ಎಲ್ಲರಿಗೂ ಪೂರ್ಣಾಂಕಕ್ಕೆ ಸಮೀಪವಾದುದನ್ನು ಹಂಚಿ ನಿಶ್ಚಿಂತನಾಗುವುದು ಅಪರೂಪವಲ್ಲ. ಹಾಗೆಯೇ, ಬೆಂಜಮಿನ್ ಬ್ಲೂಮ್ ಮತ್ತು ಸಹೋದ್ಯೋಗಿಗಳು 1956ರಲ್ಲಿ ನಿರೂಪಿಸಿದ ಜ್ಞಾನಸ್ತರಗಳು ಇಂದು ಇಂಜಿನಿಯರಿಂಗ್ ಪ್ರಶ್ನೆಪತ್ರಿಕೆಗಳ ಅಂಚಿನಲ್ಲಿ ಎಲ್1, ಎಲ್2 ಎಂಬ ಸಂಕೇತಗಳಾಗಿ ರಾರಾಜಿಸುತ್ತಿವೆ. ಆದರೆ ಗೈಡಿನಲ್ಲಿ ಸಿದ್ಧೋತ್ತರವಿರುವ ಪ್ರಶ್ನೆಗೆ ಯಾವ ಸ್ತರದ ಮುದ್ರೆಯೊತ್ತಿದರೂ ಅದು ಪರೀಕ್ಷಿಸುವುದು ಸ್ಮರಣಶಕ್ತಿಯನ್ನೇ. ಹೊಸ ಪ್ರಶ್ನೆಯನ್ನು ರಚಿಸಬಲ್ಲವನು ಆ ತರಗತಿಯಲ್ಲಿ ಏನು ಚರ್ಚಿತವಾಯಿತೆಂಬುದನ್ನು ಬಲ್ಲವನು, ಅರ್ಥಾತ್ ಅದರ ಅಧ್ಯಾಪಕ. ಅವನ ಮೇಲೆ ಸಂಶಯವಿದ್ದಲ್ಲಿ, ಅಂಕ ನೀಡುವ ಮಾನದಂಡಗಳನ್ನು ಮೊದಲೇ ಲಿಖಿತವಾಗಿ ಪ್ರಕಟಿಸಿ, ಆಯ್ದ ಉತ್ತರಪತ್ರಿಕೆಗಳನ್ನು ಹೊರಗಿನ ವಿದ್ವಾಂಸರಿಂದ ಮರುಪರಿಶೀಲನೆ ಮಾಡಿಸಿದರೆ ಸಾಲದೆ? ವಿಶ್ವಾಸಕ್ಕೂ ನಿಯಂತ್ರಣಕ್ಕೂ ಇಲ್ಲಿ ವಿರೋಧವಿಲ್ಲ.

ಇದಕ್ಕಿಂತಲೂ ಮುಖ್ಯವಾದುದು, ತಿದ್ದಿದ ಉತ್ತರಪತ್ರಿಕೆಯು ವಿದ್ಯಾರ್ಥಿಯ ಕೈಗೆ ಮರಳುವುದು. ಎಲ್ಲಿ ತಪ್ಪಿದೆನೆಂದು ತಿಳಿಯದವನಿಗೆ ಅಂಕವು ತೀರ್ಪಾದೀತೇ ಹೊರತು ಪಾಠವಾಗದು. ಪರೀಕ್ಷಾರ್ಥಿಗೆ ತನ್ನ ಮೌಲ್ಯಮಾಪಿತ ಉತ್ತರಪತ್ರಿಕೆಯನ್ನು ನೋಡುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತದ್ದು ಮಾಹಿತಿ ಹಕ್ಕಿನ ಕಾಯಿದೆಯ ಬಲದಿಂದ. ಯಾವ ವಿದ್ಯಾಪರಿಷತ್ತಿನ ಶಿಕ್ಷಣಚಿಂತನೆಯಿಂದಲೂ ಅಲ್ಲ. ಶುಲ್ಕ ತೆತ್ತು ಛಾಯಾಪ್ರತಿ ಪಡೆಯುವ ವಿದ್ಯಾರ್ಥಿಯು ಅದರಲ್ಲಿ ಇಂದು ಕಾಣುವುದು ಸಾಮಾನ್ಯವಾಗಿ ಕೆಲವು ಸರಿಗುರುತುಗಳನ್ನೂ ಮೊತ್ತವನ್ನೂ ಮಾತ್ರ; ಅಂಚಿನಲ್ಲಿ ಅವನಿಗಾಗಿ ಬರೆದ ಒಂದು ವಾಕ್ಯವೂ ಇರುವುದಿಲ್ಲ.