ಬಣ್ಣ ಯಾರ ಕೈಲಿತ್ತು?

ನಮ್ಮ ಮಾತಿನಲ್ಲಿ ಬಣ್ಣ ಅಂದ್ರೆ ಮೂರು. ಚರ್ಮದ್ದೊಂದು, ನಾಟಕಕ್ಕೆ ಮುಖಕ್ಕೆ ಹಚ್ಚಿಕೊಳ್ಳೋದೊಂದು, ಚಿತ್ರ ಬರೆಯೋನ ಬಟ್ಟಲಲ್ಲಿ ಇರೋದೊಂದು. ಈ ಮೂರನ್ನೂ ಬಾಳಿದ ಕರಿಯನೊಬ್ಬನ ಕತೆ ಇದು. ಹೆಸರು ಜೆಫ್ರಿ ಹೋಲ್ಡರ್.

ಹುಟ್ಟಿದ್ದು 1930ರ ಆಗಸ್ಟ್ 1ರಂದು, ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಆ ದ್ವೀಪ ಆಗ ಬ್ರಿಟಿಷರದು. ತಾರೀಖು ಗಮನಿಸಿ. 1834ರ ಆಗಸ್ಟ್ 1ರಂದೇ ಬ್ರಿಟಿಷರ ಗುಲಾಮಗಿರಿ ರದ್ದತಿ ಕಾಯಿದೆ ಜಾರಿಗೆ ಬಂದದ್ದು. ಪರಿಹಾರ ಸಿಕ್ಕಿದ್ದು ಯಾರಿಗೆ? ದುಡಿಸಿಕೊಂಡ ಧಣಿಗಳಿಗೆ, 2 ಕೋಟಿ ಪೌಂಡು! ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸಿದವರಿಗೆ ಸಿಕ್ಕಿದ್ದು 'ತರಬೇತಿ'ಯ ಹೆಸರಲ್ಲಿ 1838ರವರೆಗೆ ಬಿಟ್ಟಿ ಚಾಕರಿ.

ಹುಡುಗ ಹೋಲ್ಡರ್‌ಗೆ ತೊದಲು. ಮಾತು ಗಂಟಲಲ್ಲೇ ಸಿಕ್ಕಿಕೊಳ್ಳೋದು. ಅಣ್ಣ ಬಾಸ್ಕೋ ಕುಣಿತಗಾರ, ಚಿತ್ರಗಾರ, ಅವನೇ ಗುರು. ಏಳನೇ ವರ್ಷಕ್ಕೇ ಅಣ್ಣನ ತಂಡದಲ್ಲಿ ಹೆಜ್ಜೆ ಹಾಕಿದ. ನಾಲಗೆ ಸೋತ ಕಡೆ ಕೈಕಾಲು ಮಾತಾಡಿದವು. ಮುಂದೆ ತಂಡ ನ್ಯೂಯಾರ್ಕಿಗೆ ಹೊರಟಾಗ ದಾರಿಖರ್ಚಿಗೆ ತಾನು ಬರೆದ ಚಿತ್ರಗಳನ್ನು ಮಾರಿದ. ಕುಣಿಯೋರಿಗೆ ಕುಂಚ ದಾರಿ ಮಾಡಿಕೊಟ್ಟಿತು.

ಆರೂವರೆ ಅಡಿ ಆಳು, ಗುಡುಗಿನಂಥ ದನಿ. ಸಿನಿಮಾದೋರು ಆ ಮೈಯನ್ನ ಹೇಗೆ ಬಳಸಿಕೊಂಡರು ನೋಡಿ. 1973ರ ಜೇಮ್ಸ್ ಬಾಂಡ್ ಚಿತ್ರ 'ಲಿವ್ ಅಂಡ್ ಲೆಟ್ ಡೈ'ನಲ್ಲಿ ಅವನು ಬ್ಯಾರನ್ ಸಾಮ್ಡಿ. ಈ ಸಾಮ್ಡಿ ಹೈಟಿಯ ಜನರ ಮಸಣದ ದೇವರು. ಚಾವಟಿ ಏಟು ತಿಂದ ಬೆನ್ನುಗಳು ಉಳಿಸಿಕೊಂಡು ಬಂದ ದೇವರು. ಸಿನಿಮಾದಲ್ಲಿ ಅವನು ಬಿಳಿ ನಾಯಕನಿಗೆ ಅಡ್ಡ ಬರುವ ಭೂತ! ಆದರೂ ಚಿತ್ರ ಮುಗಿಯೋದು ರೈಲಿನ ಮೂತಿ ಮೇಲೆ ಕೂತ ಸಾಮ್ಡಿಯ ನಗುವಿನಲ್ಲೇ. ಬಡವರ ದೇವರು ಅಷ್ಟು ಸುಲಭಕ್ಕೆ ಸಾಯಲ್ಲ. 1982ರ 'ಆನಿ'ಯಲ್ಲಿ ಸಾಹುಕಾರನ ಅಂಗರಕ್ಷಕ. ತಲೆಗೆ ಪೇಟ, ಹೆಸರು 'ಪಂಜಾಬ್'. ಟ್ರಿನಿಡಾಡಾದರೇನು, ಪಂಜಾಬಾದರೇನು, ಧಣಿಯ ಕಣ್ಣಿಗೆ ಎಲ್ಲಾ ಒಂದೇ ಆಳು.

ಹಾಗಂತ ಅವನು ಆಳಾಗಿ ಉಳಿದನಾ? 1959ರಲ್ಲೇ 'ಬ್ಲ್ಯಾಕ್ ಗಾಡ್ಸ್, ಗ್ರೀನ್ ಐಲೆಂಡ್ಸ್' ಅನ್ನೋ ಪುಸ್ತಕದಲ್ಲಿ ತನ್ನ ದ್ವೀಪದ ಜನರ ಕತೆಗಳನ್ನ ಜೊತೆಗಾರನೊಬ್ಬನೊಂದಿಗೆ ಹೇಳಿದ, ಚಿತ್ರ ತಾನೇ ಬರೆದ. 1975ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಕರಿಯ ನಟರೇ ತುಂಬಿದ 'ದಿ ವಿಜ್' ನಿರ್ದೇಶಿಸಿದ, ಅದರ ಉಡುಪುಗಳನ್ನೂ ರೂಪಿಸಿದ. ಎರಡಕ್ಕೂ ಟೋನಿ ಪ್ರಶಸ್ತಿ. ಸಂಗೀತನಾಟಕದ ನಿರ್ದೇಶನಕ್ಕೆ ಅದನ್ನು ಪಡೆದ ಮೊದಲ ಕರಿಯ ಅವನೇ.

2014ರ ಅಕ್ಟೋಬರ್ 5ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಪತ್ರಿಕೆಗಳು ಬಾಂಡ್ ಚಿತ್ರದ ವಿಲನ್ ಅಂತ ನೆನೆದವು. ಗೆಳೆಯರೇ, ಅವನನ್ನ ವೇಷಗಳಲ್ಲಿ ಮಾತ್ರ ಹುಡುಕಬೇಡಿ. ವೇಷ ಕೊಟ್ಟೋರು ಬೇರೆ, ಅದಕ್ಕೆ ಮಾತು ಬರೆದೋರು ಬೇರೆ. ಮನೆಗೆ ಬಂದು ಮುಖದ ಬಣ್ಣ ತೊಳೆದು ಅವನು ಕುಂಚ ಹಿಡೀತಿದ್ದ. ಅಲ್ಲಿ ಕರಿಯ ಹೆಣ್ಣು, ಕರಿಯ ಗಂಡು ಯಾರ ಆಳೂ ಅಲ್ಲ, ಭೂತವೂ ಅಲ್ಲ. ಆ ಬಣ್ಣ ಅವನ ಕೈಲಿತ್ತು.