ಹಾಸಿಗೆಯಿಂದ ಬಚ್ಚಲಿಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ಕರೆತಂದ ಮನೆಯವರು ಫಿಜಿಯೋಥೆರಪಿಸ್ಟ್ ಆದ ನನ್ನನ್ನು ಮೊದಲು ಕೇಳುವುದು ಒಂದೇ: “ಇಷ್ಟು ಖರ್ಚು ಮಾಡಿದ್ರೆ ವಾಸಿಯಾಗುತ್ತಾ ಮೇಡಂ?” ವಾಸಿಯಾಗುವುದಿಲ್ಲ. ಆದರೂ ಖರ್ಚು ಮಾಡಿ ಎನ್ನುತ್ತೇನೆ. ಹಾಗೆ ಹೇಳುವ ಧೈರ್ಯ ನಮ್ಮ ಕಸುಬಿಗೆ ಬಂದದ್ದು ಈಚಿನ ದಶಕಗಳಲ್ಲಿ.

ಮಿದುಳು, ಬೆನ್ನುಹುರಿಗಳಲ್ಲಿ ನರತಂತುಗಳ ಹೊದಿಕೆ ಅಲ್ಲಲ್ಲಿ ಕಳಚಿ ಕಲೆಗಟ್ಟುವ ಈ ಕಾಯಿಲೆಯನ್ನು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ 1868ರಲ್ಲಿ ವಿವರಿಸಿದರು. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್, ದಣಿದಾಗ ಇಂಥವರ ದೃಷ್ಟಿ ಮಂಜಾಗುವುದನ್ನು ಬರೆದಿಟ್ಟರು. ಮೈ ಬಿಸಿಯಾದಾಗ ಕಾಣಿಸಿಕೊಂಡು ತಣ್ಣಗಾದ ಮೇಲೆ ಇಳಿಯುವ ತೊಂದರೆ ಅದು. ಆದರೂ ವ್ಯಾಯಾಮವೆಂದರೆ ಎಲ್ಲರಿಗೂ ಭಯ ಹತ್ತಿತು; ದಶಕಗಳ ಕಾಲ ವಿಶ್ರಾಂತಿಯೇ ಸಲಹೆಯಾಯಿತು. ಸುಮ್ಮನೆ ಮಲಗಿದರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನಲ್ಲಿ ಹುಣ್ಣಾಗುತ್ತದೆ. ಆ ನಷ್ಟವನ್ನೂ ಕಾಯಿಲೆಯ ಖಾತೆಗೇ ಬರೆದರು. ಹಾಗೆ ಕೈಕಾಲಿನ ಬಲ ಕಳೆದುಕೊಂಡವರನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

1996ರಲ್ಲಿ ಪ್ರಕಟವಾದ ಅಮೆರಿಕದ ಯೂಟಾದ ಅಧ್ಯಯನದಲ್ಲಿ ಈ ಕಾಯಿಲೆಯವರಿಂದ 15 ವಾರ ವ್ಯಾಯಾಮದ ಸೈಕಲ್ ತುಳಿಸಿ ನೋಡಿದರು. ಕಾಯಿಲೆ ಕೆರಳಲಿಲ್ಲ, ಶಕ್ತಿ ಹೆಚ್ಚಿತು. ನನಗೆ ಇನ್ನೂ ಮುಖ್ಯವೆನಿಸುವುದು ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಿಂದ 1997ರಲ್ಲಿ ಪ್ರಕಟವಾದ ಅಧ್ಯಯನ. ಕಾಯಿಲೆ ಏರುತ್ತಲೇ ಇದ್ದ 66 ಜನರಲ್ಲಿ ಕೆಲವರನ್ನು ಪುನಶ್ಚೇತನಕ್ಕೆ ದಾಖಲಿಸಿಕೊಂಡು, ಉಳಿದವರನ್ನು ಸರದಿಯಲ್ಲಿ ಕಾಯಿಸಿದರು. ಆರು ವಾರದ ನಂತರ ಅಳೆದಾಗ ನರಗಳ ಹಾನಿ ಇದ್ದಂತೆಯೇ ಇತ್ತು. ಆದರೆ ದಾಖಲಾದವರು ದಿನದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ಮಾಡಿಕೊಳ್ಳುತ್ತಿದ್ದರು. ಈ ಕಾಯಿಲೆ ತರುವ ಅಂಗವೈಕಲ್ಯವನ್ನು ಅಳೆಯಲು ವೈದ್ಯರು ಹೆಚ್ಚಾಗಿ ನೆಚ್ಚಿದ್ದ ಕುರ್ಟ್ಸ್‌ಕೆಯ 0ರಿಂದ 10ರವರೆಗಿನ ಅಳತೆಪಟ್ಟಿಯ ನಡುಭಾಗವೆಲ್ಲ ಎಷ್ಟು ದೂರ ನಡೆಯಬಲ್ಲಿರಿ ಎಂಬುದರ ಮೇಲೆಯೇ ನಿಂತಿದೆ. ಹಾಸಿಗೆಯಿಂದ ವೀಲ್‌ಚೇರಿಗೆ ತಾನೇ ಜರುಗಿ ಬಚ್ಚಲಿಗೆ ಹೋದವಳ ಗೆಲುವು ಆ ಪಟ್ಟಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನನ್ನ ಬಳಿ ಬರುವ ಒಬ್ಬಾಕೆ ಅಷ್ಟನ್ನು ಕಲಿತ ಮೇಲೆ ಅವಳ ಅಕ್ಕ ಆರೈಕೆಗಾಗಿ ತಾನು ಬಿಟ್ಟಿದ್ದ ಹೊಲಿಗೆ ಕೆಲಸಕ್ಕೆ ಮರಳಿದಳು, ಹಗಲಿಗೆಂದು ಇಟ್ಟುಕೊಂಡಿದ್ದ ಆಯಾಳ ಸಂಬಳವೂ ಉಳಿಯಿತು. ಆಸ್ಪತ್ರೆಯ ಯಾವ ಬಿಲ್ಲಿನಲ್ಲೂ ಈ ಉಳಿತಾಯ ನಮೂದಾಗುವುದಿಲ್ಲ.

ಅಭ್ಯಾಸ ನಿಂತರೆ ಗಳಿಸಿದ್ದು ತಿಂಗಳುಗಳಲ್ಲೇ ಕರಗತೊಡಗುತ್ತದೆ, ಹಾಗಾಗಿ ಈ ಖರ್ಚು ಒಮ್ಮೆಗೆ ಮುಗಿಯುವಂಥದ್ದಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನು ಹೆಸರಿಸಿ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರಕ್ಕೆ ದಾರಿಯಾಗಿದೆ, ವಾರವಾರದ ಫಿಜಿಯೋಥೆರಪಿಗೆ ಮಾತ್ರ ನಾನು ಕಂಡ ಮನೆಗಳು ತಮ್ಮ ಕೈಯಿಂದಲೇ ದುಡ್ಡು ಕಟ್ಟುತ್ತಿವೆ.